ಬೆಳಗ್ಗೆ ಆರರ ಕಾರಂಜಿ

ಅಮ್ಮ ಬೆಳೆದದ್ದು ಶ್ರೀರಂಗಪಟ್ಟಣದ ಕಡೆ, ಹಳೆಯ ಕಾಲುವೆಯೊಂದರ ದಡದ ಮನೆಯಲ್ಲಿ. ಮದುವೆಯಾಗಿ ಬಸವನಗುಡಿಗೆ ಬಂದ ಮೇಲೆ ಆಕೆಗೆ ನೀರು ಅಂದರೆ ನಲ್ಲಿ. "ಇಲ್ಲಿ ನೀರು ಬರುತ್ತೆ, ನಿಲ್ಲುತ್ತೆ. ಹರಿಯೋದೇ ಇಲ್ಲ," ಅನ್ನುತ್ತಿದ್ದಳು. ಈ ಮಾತು ಬಂದಾಗಲೆಲ್ಲ ಒಂದು ವರ್ಷ ನಾನು ನನ್ನ ಡೈರಿಯಲ್ಲಿ ಗೀಟು ಹಾಕಿದೆ. ಇಪ್ಪತ್ತಾರು ಗೀಟು, ಹೆಚ್ಚಿನವು ಬೇಸಿಗೆಯವು.

ಐವತ್ತೆರಡರ ಜನವರಿಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಸಣ್ಣ ಪಾರ್ಕಿನ ನಕ್ಷೆ ಬರೆಯುವ ಕೆಲಸ ನನ್ನ ಮೇಜಿಗೆ ಬಂತು. ನಾನು ಊರಿನ ಪಾರ್ಕುಗಳ ನಕ್ಷೆ ಮಾಡುವ ಸರ್ಕಾರಿ ಕಚೇರಿಗೆ ಸೇರಿ ಎರಡು ವರ್ಷವಾಗಿತ್ತು. ಕೊಳ ಮತ್ತು ಕಾರಂಜಿ ಮೊದಲೇ ಮಂಜೂರಾಗಿದ್ದವು. ನಾನು ಸೇರಿಸಿದ್ದು ಕಿವಿ, ಮೂಗು, ಕಾಲಿಗೆ ಬೇಕಾದ್ದನ್ನು. ಕಾರಂಜಿಯ ನೀರು ಉರುಟು ಕಲ್ಲುಗಳ ಮೇಲೆ ಬೀಳಬೇಕು, ಸದ್ದಿಗೆ. ಕೊಳದಿಂದ ಹೊರಟ ಕಿರುಗಾಲುವೆಯ ಅಂಚಿಗೆ ಲಾವಂಚ, ಒದ್ದೆ ಬೇರಿನ ವಾಸನೆಗೆ. ಕಲ್ಲುಬೆಂಚು ಎಷ್ಟು ಹತ್ತಿರ ಅಂದರೆ ಕೂತವರ ಕಾಲು ನೀರಿಗೆ ಇಳಿಯಬೇಕು.

"ಇದು ಪಾರ್ಕೋ, ಬಚ್ಚಲೋ?" ಅಂದರು ನಮ್ಮ ಸಾಹೇಬರು. ಆಮೇಲೆ ಕೇಳಿದರು: "ಎಷ್ಟು ಎತ್ತರ ಚಿಮ್ಮುತ್ತೆ?"

"ಐದಡಿ ಸಾರ್. ನಲವತ್ತೊಂದು ದಿನದ ಲೆಕ್ಕ ಇದೆ."

"ನಿನ್ನ ಡೈರಿ ಹೇಳಿದ ಮೇಲೆ ಇನ್ನೇನು ಬಿಡು," ಎಂದು ನಕ್ಕು ಸಹಿ ಹಾಕಿದರು.

ಲೆಕ್ಕ ಸುಳ್ಳಲ್ಲ. ಜಾಗದಲ್ಲಿ ಒಂದು ಕೊಳವೆ ನಿಲ್ಲಿಸಿ, ಪಕ್ಕದಲ್ಲಿ ಗುರುತು ಹಾಕಿದ ಬಿದಿರು ನೆಟ್ಟು, ದಿನಾ ಬೆಳಗ್ಗೆ ಆರಕ್ಕೆ ಹೋಗಿ ಅಳೆದಿದ್ದೆ. ಒಂದು ದಿನವೂ ನಾಲ್ಕೂವರೆ ಅಡಿಗಿಂತ ಇಳಿದಿರಲಿಲ್ಲ.

ಏಪ್ರಿಲ್ ಹದಿನಾಲ್ಕು, ಸಂಜೆ ಐದೂಮುಕ್ಕಾಲು. ಪಾರ್ಕು ತೆರೆದ ಮೊದಲ ದಿನ ಅಮ್ಮ ಹಸಿರು ಸೀರೆ ಉಟ್ಟು ಬಂದಳು. ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕೂತಳು. ಮಾಲಿ ತಿರುಪು ತಿರುಗಿಸಿದ. ಕೊಳವೆ ಎರಡು ಸಲ ಕೆಮ್ಮಿತು, ಅಂಗೈಯಷ್ಟು ನೀರು ಉಗುಳಿ ಸುಮ್ಮನಾಯಿತು.

"ಏನ್ರೀ, ನಿಮ್ಮ ಕಾರಂಜಿನೂ ಐದು ಗಂಟೆಗೆ ಆಫೀಸ್ ಮುಗಿಸಿ ಹೋಗ್ಬಿಡುತ್ತಾ?" ಎಂದು ಪಕ್ಕದ ಬೆಂಚಿನ ಪಿಂಚಣಿದಾರರೊಬ್ಬರು ಕೇಳಿದರು. ಸುತ್ತ ಇದ್ದವರೆಲ್ಲ ನಕ್ಕರು. ಅಮ್ಮನೂ ಸ್ವಲ್ಪ ನಕ್ಕಳು.

ಬೆಳಗ್ಗೆ ಆರರಿಂದ ಏಳರವರೆಗೆ ನೀರಿಗೆ ಪೂರ್ತಿ ರಭಸ. ಆಮೇಲೆ ಇಳಿಯುತ್ತಾ ಹೋಗಿ ಸಂಜೆಗೆ ಏನೂ ಇಲ್ಲ. ನಮ್ಮ ಮನೆಯ ನಲ್ಲಿಯೂ ಹಾಗೇ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನೀರು ಹಿಡಿಯುವುದು ಅಮ್ಮನ ಕೆಲಸ, ಅದು ನನ್ನ ಡೈರಿಯೊಳಗೆ ಬರುತ್ತಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಕೇಳಿದಳು: "ಹಾಗಾದ್ರೆ ಯಾವಾಗ ಬರುತ್ತೆ ಅದು?"

"ಬೆಳಗ್ಗೆ ಆರಕ್ಕೆ."

"ಅಯ್ಯೋ, ಆ ಹೊತ್ತಲ್ಲಿ ನಂಗೆ ನೀರು ಹಿಡಿಯೋದಿರುತ್ತಲ್ಲೋ," ಅಂದಳು. ದೂರಿನ ದನಿಯೇ ಇರಲಿಲ್ಲ.

ಎತ್ತರದಲ್ಲೊಂದು ತೊಟ್ಟಿ ಕಟ್ಟಿ, ಬೆಳಗ್ಗೆ ತುಂಬಿಸಿ ಸಂಜೆ ಬಿಡಬಹುದೆಂದು ಹೊಸ ನಕ್ಷೆ ಬರೆದು ಕೊಟ್ಟೆ. "ಮುಂದಿನ ವರ್ಷ ನೋಡೋಣ," ಎಂದು ಸಾಹೇಬರು ಡ್ರಾಯರಿಗೆ ಹಾಕಿದರು. ಅಲ್ಲಿಯೇ ಇದೆ.

ಮೇ ನಾಲ್ಕರಂದು ಆರಕ್ಕೆ ಮೊದಲೇ ಎದ್ದು ನಲ್ಲಿಯ ಮುಂದೆ ಕೂತೆ. "ನೀನು ಪಾರ್ಕಿಗೆ ಹೋಗು, ನಾನು ಹಿಡೀತೀನಿ," ಅಂದೆ ಅಮ್ಮನಿಗೆ. "ಹಂಡೆ ಮೊದಲು ತುಂಬಿಸು, ಕೊಡ ಆಮೇಲೆ. ಕುಡಿಯೋದಕ್ಕೆ ಬಟ್ಟೆ ಕಟ್ಟು, ಮರೀಬೇಡ," ಎಂದು ಮೂರು ಸಲ ಹೇಳಿ ಹೋದಳು. ಒಂದು ಹಂಡೆ, ಏಳು ಕೊಡ, ಎರಡು ಬಕೆಟ್ಟು. ನನ್ನ ಬೆನ್ನು ನೋಯಿತು.

ಬರುವಾಗ ಆಕೆಯ ಸೀರೆ ಮೊಣಕಾಲವರೆಗೆ ಒದ್ದೆಯಾಗಿತ್ತು.

"ಹೇಗಿದೆ?"

"ಸಣ್ಣದು. ನಮ್ಮ ಕಾಲುವೆ ಸದ್ದು ಬೇರೆ, ಹೊಟ್ಟೆಯೊಳಗಿಂದ ಬರೋದು," ಅಂದಳು. ಒಳಗೆ ಹೋಗಿ, ಕೊಡ ಎಲ್ಲ ತುಂಬಿದೆಯಾ ನೋಡಿ, ಮತ್ತೆ ಬಂದಳು. "ಆದ್ರೂ ಕಣ್ಣು ಮುಚ್ಚಿದ್ರೆ ಸ್ವಲ್ಪ ಹತ್ತಿರ ಬರುತ್ತೆ."

ಆ ವರ್ಷ ಅಮ್ಮ ಬೆಳಗಿನ ಹೊತ್ತು ಪಾರ್ಕಿಗೆ ಹೋದದ್ದು ಹನ್ನೊಂದು ಸಲ. ಹನ್ನೊಂದು ದಿನವೂ ನಲ್ಲಿಯ ಮುಂದೆ ನಾನೇ ಕೂತಿದ್ದೆ. ಆಕೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿರುವುದನ್ನು ಮಾತ್ರ ಒಂದು ಸಲವೂ ನೋಡಲಾಗಲಿಲ್ಲ.