ಬಾಣಂತಿಯ ಪಾಲಿನ ಹೊಳೆಮೀನು

ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಲಂಗ ಉಡುತ್ತಿದ್ದಾಗ, ನಮ್ಮಕ್ಕ ಹೆರಿಗೆಗೆಂದು ತವರಿಗೆ ಬಂದಳು. ಕೂಸು ಚೆನ್ನಾಗಿಯೇ ಹುಟ್ಟಿತು, ಅಕ್ಕ ಮಾತ್ರ ಬಿಳಿಚಿಕೊಂಡಳು. ಎದೆಹಾಲು ಸಾಲದೆ ಕೂಸು ದಿನವಿಡೀ ಅಳುತ್ತಿತ್ತು. ಬಾಗೇವಾಡಿಯ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಇಲ್ರಿ. ಕೊಲ್ಹಾರದಿಂದ ಹೊಳಿ ಮೀನ ತರಿಸಿ ತಿನ್ನಸ್ರಿ. ರಕ್ತ ಆಗ್ತೈತಿ, ಹಾಲು ಬರ್ತೈತಿ, ಕಣ್ಣಿಗೂ ಚಲೋ, ಎಲುಬಿಗೂ ಚಲೋ" ಎಂದರು.

ನಮ್ಮದು ಮೀನಿನ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆ. ಜೊತೆಗೆ ಬಂದಿದ್ದ ಅಪ್ಪ ಮನೆ ಮುಟ್ಟಿದವನೇ ಡಾಕ್ಟರು ಹೇಳಿದ್ದನ್ನು ಒಪ್ಪಿಸಿದ. ಆಯಿ, ಅಂದರೆ ಅಪ್ಪನ ತಾಯಿ, ಎಲೆಯಡಿಕೆ ಜಗಿಯುತ್ತಲೇ ತೀರ್ಪು ಕೊಟ್ಟಳು: "ಡಾಕ್ಟರ್ ಹೇಳಿದ ಮ್ಯಾಲ ಅದು ಮೀನಲ್ಲೋ ತಮ್ಮಾ, ಔಷಧ. ಔಷಧಕ್ಕ ಎಂಥಾ ಮಡಿ?"

ನಾವು ಖಾಲಾ ಎನ್ನುತ್ತಿದ್ದ ಪಕ್ಕದ ಮನೆಯ ಮುಸಲ್ಮಾನ ಹೆಂಗಸು ತನ್ನ ಒಲೆಯ ಮೇಲೆ ಬೇಯಿಸಿ, ಹಿತ್ತಲ ಗೋಡೆಯ ಮೇಲಿಂದ ಗಡಿಗೆ ದಾಟಿಸುವುದು, ಅಕ್ಕ ದನದ ಕೊಟ್ಟಿಗೆಯಲ್ಲಿ ಕೂತು ತಿನ್ನುವುದು ಎಂದಾಯಿತು.

ಆಮೇಲೆ ಡಾಕ್ಟರು ಹೇಳಿದ ಒಂದೊಂದು ಗುಣಕ್ಕೆ ಮನೆಯಲ್ಲಿ ಒಂದೊಂದು ರೋಗ ಹುಟ್ಟಿತು. ಸಂಜೆಯಾದರೆ ಅಪ್ಪನ ಕಣ್ಣು ಮಂಜಾಗತೊಡಗಿತು. ಅಪ್ಪನ ತಮ್ಮ, ನಮ್ಮ ಕಾಕಾನ ಮೊಣಕಾಲು ಕಟಕಟ ಎನ್ನತೊಡಗಿತು. ಮೇವು ಹಾಕುವ ನೆಪದಲ್ಲಿ ಇಬ್ಬರೂ ಕೊಟ್ಟಿಗೆಗೆ ನಡೆದರು. ನಮ್ಮ ಎತ್ತುಗಳಿಗೆ ಅಷ್ಟು ಉಪಚಾರ ಎಂದೂ ಸಿಕ್ಕಿರಲಿಲ್ಲ. ಗಂಡಸರು ಮೊದಲು ಉಣ್ಣುವ ಪದ್ಧತಿ ಔಷಧಕ್ಕೂ ಬಂತು. ಅಕ್ಕನ ಪಾಲಿಗೆ ಉಳಿದದ್ದು ತಿಳಿಸಾರು, ಒಂದು ತಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕೂಸು ಅತ್ತಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಿಂಗಳ ಮೇಲೆ ಮತ್ತೆ ದವಾಖಾನೆಗೆ ಹೋದೆವು. ಡಾಕ್ಟರು ಅಕ್ಕನ ರೆಪ್ಪೆ ಎಳೆದರು. ಮೊದಲಿನಷ್ಟೇ ಬಿಳುಪು.

"ಮೀನ ತಿನ್ನಸಾಕತ್ತೀರೋ ಇಲ್ಲೋ?" ಎಂದು ಅಪ್ಪನನ್ನು ಗದರಿಸಿದರು.

"ತಪ್ಪದ ತರಸಾಕತ್ತೇನ್ರಿ" ಎಂದ ಅಪ್ಪ. ಅದೇನೂ ಸುಳ್ಳಲ್ಲ.

ಅಪ್ಪನೆದುರು ಎಂದೂ ತಲೆಯೆತ್ತದ ಅಕ್ಕ ಕೂಸನ್ನು ನನ್ನ ಕೈಗಿಟ್ಟು, "ಅಪ್ಪನ ಕಣ್ಣ ಒಂದೀಟ ಎಳದ ನೋಡ್ರಿ ಸಾಹೇಬ್ರ. ನೀವು ಹೇಳಿದ ಮೀನ ಅಲ್ಲಿ ಕಾಣಸ್ತೈತಿ" ಎಂದಳು.

ಡಾಕ್ಟರು ನಿಜವಾಗಿಯೂ ಎಳೆದು ನೋಡಿದರು. ಒಳಗೆ ಹಣ್ಣು ಮೆಣಸಿನಕಾಯಿಯ ಕೆಂಪು.

ಮರುದಿನದಿಂದ ಅಕ್ಕ ಖಾಲಾನ ಒಲೆಯ ಮುಂದೆಯೇ ಕೂತು, ಕೂಸನ್ನು ಮಡಿಲಲ್ಲಿಟ್ಟುಕೊಂಡು, ಬಿಸಿಬಿಸಿ ಮೀನು ಉಂಡಳು. ಅಪ್ಪ ಹಿತ್ತಲ ಗೋಡೆಯ ಹತ್ತಿರ ಸ್ವಲ್ಪ ಹೊತ್ತು ಸುಳಿದಾಡಿ, "ಇವತ್ತ ಔಷಧ ಬರಲಿಲ್ಲೇನು?" ಎಂದು ಆಯಿಯನ್ನು ಕೇಳಿದ.

"ಡಾಕ್ಟರ್ ನಿನ್ನ ಕಣ್ಣ ನೋಡ್ಯಾರಂತಲ್ಲೋ ತಮ್ಮಾ," ಎಂದಳು ಆಯಿ, "ಆರಾಮ ಆದವರಿಗೆ ಔಷಧ ಯಾಕ?"