ಒಣಬಾವಿಗೆ ಇಳಿಸಿದ ದೀಪ

ಯಸಳೂರು ಕಡೆಯ ಆ ಕಾಫಿ ಎಸ್ಟೇಟಿನ ಒಣಬಾವಿಯ ಹತ್ತಿರ ಅವತ್ತು ಇದ್ದವರು ನಾವು ಮೂರೇ ಜನ: ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲೋಬೋ, ಕೂಲಿಯವರ ಲೈನ್ ಮನೆಯಲ್ಲಿದ್ದ ಹಿರಿಯ ಆಳು ದ್ಯಾವಣ್ಣ, ವಿಶ್ವವಿದ್ಯಾಲಯದಿಂದ ಹೋಗಿದ್ದ ನಾನು. ಬೆಳಿಗ್ಗೆ ಹತ್ತೂವರೆ, ಚುರುಗುಡುವ ಬಿಸಿಲು. ಯಾರಾದರೂ ಇಂಥದ್ದನ್ನು ಹೇಳಿದರೆ ನಕ್ಕು ಎದ್ದುಹೋಗುತ್ತಿದ್ದವನು ನಾನು. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನ್ನ ಸಂಶೋಧನೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆಯದು. ಅದರೊಳಗಿನ ಇಂಗಾಲದ ಡೈಆಕ್ಸೈಡ್ ಆಕಾಶ ಸೇರುವ ಮೊದಲೇ ಹಿಡಿದಿಟ್ಟುಕೊಳ್ಳುವಂಥ ಇದ್ದಿಲನ್ನು ಕಾಫಿ ಸಿಪ್ಪೆಯಿಂದ ಮಾಡಬೇಕಿತ್ತು. ಎರಡು ವರ್ಷ ನಾನು ಸುಟ್ಟದ್ದೆಲ್ಲ ಸೋತಿತು. ಹಿಂದಿನವರು ಸಿಪ್ಪೆ ಸುಟ್ಟು ಈ ಬಾವಿಗೆ ಸುರಿದಿದ್ದರಂತೆ. ಲೋಬೋ ಒಮ್ಮೆ ಕೊಡ ಇಳಿಸಿ ಕೆರೆದು ಕಳಿಸಿದ ಒಂದು ಡಬ್ಬಿ ಮಾತ್ರ ಗೆದ್ದಿತ್ತು. ಅದೇ ಇದ್ದಿಲಿನಿಂದ ಪ್ರಯೋಗವನ್ನು ಇನ್ನೊಂದು ಸಲ ಮಾಡಿ ತೋರಿಸದಿದ್ದರೆ ಯಾರೂ ನಂಬುತ್ತಿರಲಿಲ್ಲ, ನನ್ನ ಪಿಎಚ್‌ಡಿ ಅಲ್ಲಿಗೇ ನಿಲ್ಲುತ್ತಿತ್ತು. ಉಳಿದದ್ದು ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಇಳಿದೇ ಅಗೆಯಬೇಕು.

ಇಳಿಯುವ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಬಿಡುವುದು ಅಲ್ಲಿಯ ಪದ್ಧತಿ. ದೀಪ ಆರಿದರೆ ಒಳಗೆ ಉಸಿರಿಗೆ ಗಾಳಿಯಿಲ್ಲ ಎಂದು ಲೆಕ್ಕ. ದ್ಯಾವಣ್ಣ ಇಳಿಸಿದ. ಅರ್ಧಕ್ಕೆ ಹೋಗಿ ಆರಿತು. ನಾನು ಅದೇ ಹಗ್ಗಕ್ಕೆ ನನ್ನ ಗಾಳಿ ಅಳೆಯುವ ಮೀಟರನ್ನೂ ಕಟ್ಟಿಸಿದೆ. ಇನ್ನೂ ಎರಡು ಸಲ ಬಿಟ್ಟೆವು. ಎರಡು ಸಲವೂ ದೀಪ ಅದೇ ಜಾಗದಲ್ಲಿ ಹೋಯಿತು. ಮೀಟರ್ ಬರೆದುಕೊಂಡದ್ದನ್ನು ನೋಡಿದರೆ ಆಮ್ಲಜನಕವೂ ಡೈಆಕ್ಸೈಡೂ ಮೇಲಿನ ಗಾಳಿಯಲ್ಲಿದ್ದಷ್ಟೇ!

"ದ್ಯಾವಣ್ಣ, ನಿನ್ನ ಲಾಟೀನಿಗೆ ವಯಸ್ಸಾಯಿತು" ಎಂದೆ.

"ಲಾಟೀನಿಗಲ್ಲ ಕಣ್ ಸಾ, ನಂಗೆ ವಯಸ್ಸಾಗೈತೆ. ಇದುನ್ನ ನಂಬ್ಕಂಡೇ ಇಷ್ಟು ವಯಸ್ಸಾಗಿದ್ದು."

"ನಿಮ್ಮಿಬ್ಬರ ಜಗಳದಲ್ಲಿ ಫ್ಲಾಸ್ಕಿನ ಕಾಫಿ ತಣ್ಣಗಾಯ್ತು ಮಾರಾಯ್ರೆ" ಎಂದು ಲೋಬೋ ನಕ್ಕರು.

ನಾನು ರೇಗಿ ಹಗ್ಗವನ್ನು ನನ್ನ ಸೊಂಟಕ್ಕೇ ಕಟ್ಟಿಕೊಂಡೆ. ದ್ಯಾವಣ್ಣ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ. "ಇಳೀರಿ. ಹಗ್ಗ ಮಾತ್ರ ನಾ ಹಿಡಿಯಾಕಿಲ್ಲ. ನಾಳೆ ನಿಮ್ಮವ್ವ ಬಂದು ಕೇಳುದ್ರೆ ನಾ ಏನಂತ ಹೇಳ್ಲಿ?"

ನಾನು ಸೊಂಟದ ಗಂಟು ಬಿಚ್ಚಿದೆ.

ಪ್ರಯೋಗಾಲಯಕ್ಕೆ ಮರಳಿ ಮೀಟರನ್ನು ಪರೀಕ್ಷಿಸಿದೆ, ಕೆಟ್ಟಿರಲಿಲ್ಲ. ಲಾಟೀನೂ ಕೆಟ್ಟಿರಲಿಲ್ಲ, ಅದೇ ಎಣ್ಣೆಯಲ್ಲಿ ಆ ಸಂಜೆಯಿಡೀ ಲೈನಿನಲ್ಲಿ ಉರಿಯಿತಂತೆ. ಹಗ್ಗ ಜಗ್ಗಿತೇ, ಒಳಗೆಲ್ಲೋ ಸಂದಿಯಿಂದ ಗಾಳಿ ಬೀಸಿತೇ, ಮೂರು ಸಲವೂ ಒಂದೇ ಜಾಗದಲ್ಲೇ? ಇದನ್ನು ಬರೆಯುತ್ತಿರುವ ಹೊತ್ತಿಗೂ ನನಗೆ ತಿಳಿದಿಲ್ಲ.

ವಾರದ ಮೇಲೆ ಸಕಲೇಶಪುರದ ಬಸ್ಸಿನಲ್ಲಿ ನನ್ನ ಹೆಸರಿಗೊಂದು ಮೂಟೆ ಇದ್ದಿಲು ಬಂತು. ಅರ್ಧ ಮಾತ್ರ ತುಂಬಿತ್ತು. ಏಕೆಂದು ಕೇಳಲು ಲೋಬೋಗೆ ಫೋನ್ ಮಾಡಿದೆ. ಹಿಂದಿನ ದಿನ ದೀಪ ತಳದವರೆಗೂ ಚೆನ್ನಾಗಿ ಉರಿಯಿತಂತೆ. ದ್ಯಾವಣ್ಣ ಇಳಿದು, ಲಾಟೀನನ್ನು ಪಕ್ಕದಲ್ಲಿಟ್ಟುಕೊಂಡೇ ಅಗೆಯುತ್ತಿದ್ದ. ಮೂಟೆ ಅರ್ಧ ತುಂಬಿದಾಗ ದೀಪ ಆರಿತು. ಇದ್ದಷ್ಟನ್ನೇ ಹೆಗಲಿಗೆ ಹಾಕಿಕೊಂಡು ಮೇಲೆ ಬಂದ. ಹಗ್ಗ ಸುತ್ತುತ್ತಾ ನಿಂತಿದ್ದಾಗ ಬಾವಿಯ ಒಂದು ಬದಿಯ ಕಲ್ಲೆಲ್ಲ ಒಳಕ್ಕೆ ಕುಸಿದು ತಳ ಮುಚ್ಚಿಹೋಯಿತು.

ಅವನ ಗುದ್ದಲಿ ಇನ್ನೂ ಅದರಡಿಯಲ್ಲೇ ಇದೆ.