ಇನ್ನೊಂದು ಪ್ರತಿ ಅಲ್ಲಿದೆ

ನಮ್ಮ ಕಚೇರಿ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಳರಸ್ತೆಯಲ್ಲಿದೆ. ಒಂದು ಪಕ್ಕ ಲೇತ್ ಮೆಷಿನ್ನಿನ ಶೆಡ್ಡು, ಇನ್ನೊಂದು ಪಕ್ಕ ಗಾಣದ ಎಣ್ಣೆ ಅಂಗಡಿ. ಭೂಮಿಯೊಳಗಿನ ತೈಲಕ್ಕೆ ಸಂಬಂಧಿಸಿದ ಕೆಲಸ ಅಂತ ಎಷ್ಟು ಸಲ ಹೇಳಿದರೂ ವಿಜಯನಗರದ ನಮ್ಮ ಎದುರು ಮನೆಯಾಕೆ ಇವತ್ತಿಗೂ ಕೇಳುವುದು ಒಂದೇ: "ಕಡ್ಲೆಕಾಯಿ ಎಣ್ಣೆ ಈಗ ಎಷ್ಟಾಗಿದೆ ಆಂಟಿ?" ಮೊದಲೆಲ್ಲ ತಿದ್ದುತ್ತಿದ್ದೆ. ಈಗ ಪಕ್ಕದ ಅಂಗಡಿಯಲ್ಲಿ ಕೇಳಿಕೊಂಡು ಬಂದು ಹೇಳುತ್ತೇನೆ.

ನಿಜವಾಗಿ ನಾನು ಮಾಡುವುದು ಹಳೇ ಟೇಪುಗಳನ್ನು ಓದಿಸುವ ಕೆಲಸ. ನೆಲದಡಿ ಎಣ್ಣೆ, ಅನಿಲ ಇದೆಯೋ ಇಲ್ಲವೋ ನೋಡಲು ಹಿಂದಿನ ತಂಡಗಳು ಹೊಲಗಳಲ್ಲಿ ಸಾಲಾಗಿ ಗುಂಡಿ ಕೊರೆದು, ಸಿಡಿಮದ್ದು ಸಿಡಿಸಿ, ಆಳದ ಪದರಗಳಿಂದ ಮರಳಿ ಬಂದ ಕಂಪನವನ್ನು ದೊಡ್ಡ ದೊಡ್ಡ ಸುರುಳಿ ಟೇಪುಗಳಲ್ಲಿ ಹಿಡಿದಿಟ್ಟಿದ್ದವು. ಹುಡುಕಿದ್ದು ಯಾವ ಕಂಪನಿಯಾದರೂ ದಾಖಲೆ ದೇಶದ್ದು. ಮುಂದೆ ಹುಡುಕಲು ಬರುವವರು ಮೊದಲು ಅದನ್ನು ನೋಡಬೇಕು. ಏನೂ ಸಿಗದ ಜಾಗದ ದಾಖಲೆಯೂ ಬೇಕು, ಇಲ್ಲದಿದ್ದರೆ ಅಲ್ಲೇ ಮತ್ತೆ ಕೊರೆಯುತ್ತಾರೆ. ನಮ್ಮದು ಗುತ್ತಿಗೆ ಸಂಸ್ಥೆ. ಟೇಪಿನಲ್ಲಿರುವುದನ್ನು ಹೊಸ ಕಾರ್ಟ್ರಿಜ್‌ಗೆ ಇಳಿಸಿ ಸರ್ಕಾರದ ಭಂಡಾರಕ್ಕೆ ಕಳಿಸಬೇಕು, ಹಳೆಯದನ್ನು ನಾಶಕ್ಕೆ ಕೊಡಬೇಕು. ಇನ್ನೊಂದು ಕಡೆ ಪ್ರತಿ ಇದೆ ಅಂತ ಕ್ಯಾಟಲಾಗ್ ತೋರಿಸಿದರೆ ಇಳಿಸುವುದೂ ಬೇಡ, ಸೀದಾ ನಾಶ.

ಈ ಕೆಲಸದಲ್ಲಿ ದಣಿದಿದ್ದೇನೆ ಅಂತ ಹೇಳಲು ನನಗೆ ನಾಚಿಕೆಯಿಲ್ಲ. ಎಸಿ ಕೋಣೆಯಲ್ಲಿ ಕೂತು ಕೂತು ಮಂಡಿ ಹಿಡಿದುಕೊಂಡಿದೆ. ಸಂಜೆ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸುವಾಗ ಎಸ್ಕಲೇಟರ್ ಕೆಟ್ಟಿದ್ದರೆ ಕಣ್ಣಲ್ಲಿ ನೀರು ಬರುತ್ತದೆ. ಪ್ರಾಜೆಕ್ಟ್ ಮುಗಿಯುತ್ತ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

ಕೊನೆಗೆ ಉಳಿದದ್ದು ನಾಶಕ್ಕೆ ಹೋಗುವ ರಾಶಿ. ಅದರಲ್ಲೊಂದು ಪೆಟ್ಟಿಗೆಯ ಮೇಲಿನ ಚೀಟಿಯ ಶಾಯಿ ಮಾಸಿಹೋಗಿತ್ತು. ಚೀಟಿಯ ವಿವರ ಬರೆದುಕೊಳ್ಳದೆ ಲಾರಿಗೆ ಹಾಕುವಂತಿಲ್ಲ. ಪೆಟ್ಟಿಗೆಯ ನಂಬರ್ ಹಾಕಿ ನೋಡಿದರೆ, ಇನ್ನೊಂದು ಪ್ರತಿ ಬೇರೆ ರಾಜ್ಯದ ಗೋದಾಮಿನಲ್ಲಿದೆ ಅಂತ ಕ್ಯಾಟಲಾಗ್ ಹೇಳುತ್ತಿತ್ತು. ಅದರ ಚೀಟಿ ಓದಿ ಹೇಳಿ ಅಂತ ಕೇಳೋಣ ಎಂದು ಫೋನ್ ಮಾಡಿದೆ. ಅದೃಷ್ಟಕ್ಕೆ ಎತ್ತಿದವಳು ಹುಬ್ಬಳ್ಳಿ ಕಡೆಯ ಹುಡುಗಿ. ಹಿಂದಿಯ ಕಾಟ ತಪ್ಪಿತು.

ಸ್ವಲ್ಪ ಹುಡುಕಿ ಬಂದು ಅಂದಳು: "ಅದು ನಮ್ಮಲ್ಲಿ ಇಲ್ರಿ ಮೇಡಂ. ನಿಮ್ಮಲ್ಲಿ ಒಂದು ಕಾಪಿ ಐತಿ ಅಂತ ನೋಡೇ ನಮ್ದು ಸ್ಕ್ರ್ಯಾಪಿಗೆ ಹಾಕ್ಯಾರ."

ನಮ್ಮ ಮನೆಯಲ್ಲಿ ಸಂಪಿನ ಮೋಟರ್ ಕಥೆಯೂ ಇದೇ. ನಾನು ಆಫ್ ಮಾಡಿರುತ್ತೇನೆ ಅಂತ ಯಜಮಾನರು ಸುಮ್ಮನಿರುತ್ತಾರೆ, ಅವರು ಮಾಡಿರುತ್ತಾರೆ ಅಂತ ನಾನು. ಟ್ಯಾಂಕ್ ತುಂಬಿ ಪಕ್ಕದ ಮನೆ ಗೋಡೆ ನೆಂದ ಮೇಲೆಯೇ ಇಬ್ಬರಿಗೂ ಗೊತ್ತಾಗುವುದು. ನೀರಾದರೆ ಮರುದಿನ ಬರುತ್ತದೆ. ಆ ಪೆಟ್ಟಿಗೆಯ ದಾಖಲೆ ತೆಗೆದ ಹೊಲಗಳಲ್ಲಿ ಈಗ ಮನೆಗಳೆದ್ದಿವೆ. ಅಲ್ಲಿ ಮತ್ತೆ ಮದ್ದು ಸಿಡಿಸಲು ಯಾರು ಬಿಡುತ್ತಾರೆ?

ಹೊರಗೆ ಲಾರಿ ಬಂದು ನಿಂತಿತ್ತು. ಪೆಟ್ಟಿಗೆಯನ್ನು ರಾಶಿಯಿಂದ ಎಳೆದು ನನ್ನ ಮೇಜಿನ ಕೆಳಗೆ ತಳ್ಳಿ, ಅದರ ಮೇಲೆ ಎರಡೂ ಕಾಲಿಟ್ಟು ಕೂತೆ. ದೇಶದ ಆಸ್ತಿಯ ಮೇಲೆ ಕಾಲಿಡಬಾರದು, ಗೊತ್ತು. ಮ್ಯಾನೇಜರ್ ಬಂದರು. ನನಗಿಂತ ಚಿಕ್ಕವರು, ಒಳ್ಳೆಯವರು, ಅವರಿಗೂ ಸಾಕಾಗಿತ್ತು.

"ಮೇಡಂ, ಕ್ಯಾಟಲಾಗ್‌ನಲ್ಲಿ ಎರಡು ಕಾಪಿ ಅಂತ ಇದೆಯಲ್ಲ."

"ಕ್ಯಾಟಲಾಗ್‌ನಲ್ಲಿ ಇದೆ ಸಾರ್. ಭೂಮಿ ಮೇಲೆ ಇರೋದು ಇದೊಂದೇ."

ಅವರು ನನ್ನ ಕಾಲು ನೋಡಿದರು, ಲಾರಿ ನೋಡಿದರು. "ನಿಮಗೆ ಇದನ್ನೂ ಇಳಿಸಿ ಅಂತ ಹೇಳೋಕೆ ನನಗೇ ಬೇಜಾರು ಮೇಡಂ," ಅಂದರು. "ಮನೆಗೆ ಹೋಗಿ ನಿದ್ದೆ ಮಾಡೋ ವಾರ ಇದು."

ಹೌದು, ನನಗೂ ಬೇಜಾರೇ. ಕೆಲಸ ಮುಗಿಯಿತೆಂದು ಮುಚ್ಚಿಟ್ಟಿದ್ದ, ಟೇಪು ಒಣಗಿಸುವ ಕರೆಂಟ್ ಒಲೆಯನ್ನು ಮತ್ತೆ ಹಚ್ಚಿದೆ. ಹಳೇ ಟೇಪುಗಳು ತೇವ ಹೀರಿ ಅಂಟಂಟಾಗಿರುತ್ತವೆ. ಒಲೆಯಲ್ಲಿ ಹದವಾದ ಬಿಸಿಯಲ್ಲಿಟ್ಟು ಒಣಗಿಸಿದರೆ ಒಂದು ಸಲ ಓಡುತ್ತವೆ, ಎರಡನೇ ಸಲಕ್ಕೆ ಭರವಸೆಯಿಲ್ಲ. ಮರುದಿನ ಒಂದೊಂದನ್ನೇ ಯಂತ್ರಕ್ಕೆ ಹಾಕಿ ಕಾಯುತ್ತ ಕೂತೆ. ಕಂದು ಪುಡಿ ಉದುರುತ್ತಿತ್ತು. ಪಕ್ಕದ ಲೇತ್ ಶೆಡ್ಡಿನಲ್ಲಿ ಏನಾದರೂ ಧೊಪ್ಪೆಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಒಂದು ಟೇಪಿನ ಮಧ್ಯದ ಭಾಗ ಹೋಯಿತು. ಉಳಿದದ್ದೆಲ್ಲ ಬಂತು. ಕಿಟಕಿಯ ಹತ್ತಿರ ಹೋಗಿ ನಿಂತೆ, ಅಳು ಬಂತು, ಅತ್ತೆ.

ಭಂಡಾರ ಎರಡು ಕಾರ್ಟ್ರಿಜ್ ಮಾಡಿಸಿತು. ಒಂದನ್ನು ಆ ಗೋದಾಮಿಗೆ ಕಳಿಸಬೇಕು, ಒಂದು ಸದ್ಯಕ್ಕೆ ನಮ್ಮಲ್ಲಿರಬೇಕು. ಕಳಿಸಿ ಕೆಲವು ದಿನವಾದ ಮೇಲೆ ಫೋನ್ ಮಾಡಿದೆ. ಅದೇ ಹುಡುಗಿ.

"ಬಂದೈತ್ರಿ ಮೇಡಂ. ಟೇಬಲ್ ಮ್ಯಾಲೇ ಐತಿ. ಇಡ್ತೀನಿ ಎಲ್ಲ್ಯಾರ. ಹೆಂಗೂ ನಿಮ್ಮಲ್ಲಿ ಒಂದು ಐತಲ್ರಿ."

ನಮ್ಮ ಕಾರ್ಟ್ರಿಜ್ ನನ್ನ ಮುಂದೆಯೇ, ಟಿಫನ್ ಬಾಕ್ಸಿನ ಪಕ್ಕದಲ್ಲಿತ್ತು.

"ಇಲ್ಲಮ್ಮ," ಅಂದೆ. "ನಮ್ಮಲ್ಲಿಲ್ಲ. ಇರೋದು ನಿನ್ನ ಟೇಬಲ್ ಮೇಲಿರೋದು ಒಂದೇ."

"ಅಲ್ರಿ, ಕ್ಯಾಟಲಾಗ್ ಎರಡು ಅಂತ ತೋರಸ್ತೈತಿ?"

"ಆವತ್ತೂ ಎರಡು ಅಂತಲೇ ತೋರಿಸ್ತಿತ್ತಲ್ಲಮ್ಮ."

ಆ ಕಡೆ ಕುರ್ಚಿ ಸರಿದ ಸದ್ದು, ಬೀರುವಿನ ಬಾಗಿಲು ತೆರೆದ ಸದ್ದು, ಬೀಗ ಹಾಕಿದ ಸದ್ದು ಕೇಳಿಸಿತು.

"ಒಳಗ ಇಟ್ಟೆ ನೋಡ್ರಿ ಮೇಡಂ," ಅಂದಳು.

ಫೋನಿಟ್ಟು, ನಮ್ಮದನ್ನು ಎತ್ತಿಕೊಂಡು ನಾನೂ ಬೀರುವಿನ ಬೀಗದ ಕೈ ಹುಡುಕಲು ಎದ್ದೆ.